ಕೊರಳಿಗೊಂದು ಕೃತಕ ಮೂಗು

ಜುಲೈ ತಿಂಗಳಲ್ಲಿ ಕಳಸ, ಮೂಡಿಗೆರೆ ಕಡೆಯ ಯಾವ ಮನೆಯ ಅಡುಗೆಕೋಣೆಗಾದರೂ ಹೋಗಿ ನೋಡಿ. ಕಲ್ಲುಪ್ಪಿನ ಭರಣಿಗೆ ಕೈ ಹಾಕಿದರೆ ಬೆರಳೆಲ್ಲ ಒದ್ದೆ. ಯಾರೂ ನೀರು ಹಾಕಿರುವುದಿಲ್ಲ, ಗಾಳಿಯಲ್ಲಿದ್ದ ತೇವವನ್ನೇ ಉಪ್ಪು ಎಳೆದುಕೊಂಡಿರುತ್ತದೆ. ಅದೇ ಭರಣಿಯನ್ನು ಬಚ್ಚಲೊಲೆಯ ಹತ್ತಿರ ಒಂದೆರಡು ದಿನ ತೆರೆದಿಡಿ. ಎಳೆದುಕೊಂಡ ನೀರನ್ನು ಒಣಗಾಳಿಗೆ ವಾಪಸ್ ಕೊಟ್ಟು ಉಪ್ಪು ಮತ್ತೆ ಉದುರುದುರಾಗುತ್ತದೆ.

ಮಲೆನಾಡಿನ ಅಮ್ಮಂದಿರಿಗೆಲ್ಲ ಗೊತ್ತಿರುವ ಈ ಸಂಗತಿಯನ್ನೇ ನಂಬಿಕೊಂಡ ಒಂದು ಪುಟ್ಟ ಸಾಧನ ಆಸ್ಪತ್ರೆಗಳ ಐಸಿಯುಗಳಲ್ಲಿ ದಿನವೂ ಬಳಕೆಯಾಗುತ್ತದೆ. ಅದರ ಹೆಸರು ಹೀಟ್ ಅಂಡ್ ಮಾಯಿಶ್ಚರ್ ಎಕ್ಸ್‌ಚೇಂಜರ್, ಚುಟುಕಾಗಿ ಎಚ್‌ಎಂಇ. ‘ಕೃತಕ ಮೂಗು’ ಎಂಬ ಅಡ್ಡಹೆಸರೂ ಇದೆ. ಮುಷ್ಟಿಯೊಳಗೆ ಹಿಡಿಯಬಹುದಾದ ಪ್ಲಾಸ್ಟಿಕ್ ಡಬ್ಬಿ, ಎರಡೂ ಕಡೆ ನಳಿಕೆ ಸಿಕ್ಕಿಸುವ ಮೂತಿ, ಒಳಗೆ ಸುಕ್ಕುಸುಕ್ಕಾದ ಕಾಗದದ ಸುರುಳಿ ಅಥವಾ ಸ್ಪಂಜು. ಆ ಕಾಗದಕ್ಕೋ ಸ್ಪಂಜಿಗೋ ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್‌ನಂಥ, ತೇವ ಹೀರುವ ಲವಣವನ್ನು ಸವರಿರುತ್ತಾರೆ. ಕರೆಂಟ್ ಬೇಡ, ನೀರು ಬೇಡ, ಸ್ವಿಚ್ಚೂ ಇಲ್ಲ. ವೆಂಟಿಲೇಟರ್‌ನ ಫೋಟೊ ನೋಡಿದವರೆಲ್ಲ ಅದರ ಪರದೆಯ ಮೇಲೆ ಓಡುವ ಹಸಿರು ಗೆರೆಗಳನ್ನು ಗಮನಿಸುತ್ತಾರೆಯೇ ಹೊರತು, ರೋಗಿಯ ಬಾಯಿಯ ಹತ್ತಿರ ಸಿಕ್ಕಿಸಿದ ಈ ಡಬ್ಬಿಯನ್ನಲ್ಲ.

ಇದರ ಬೆಲೆ ಗೊತ್ತಾಗಬೇಕಾದರೆ ಮೊದಲು ನಿಜವಾದ ಮೂಗಿನ ಕೆಲಸ ಗೊತ್ತಿರಬೇಕು. ನಾವು ಮೂಗನ್ನು ನೆನಪಿಸಿಕೊಳ್ಳುವುದು ನೆಗಡಿ ಬಂದಾಗ ಮಾತ್ರ. ಡಿಸೆಂಬರ್ ಬೆಳಿಗ್ಗೆ ಮುಳ್ಳಯ್ಯನಗಿರಿ ಹತ್ತುವಾಗ ನೀವು ಎಳೆದುಕೊಳ್ಳುವ ಗಾಳಿ ಎಷ್ಟೇ ತಣ್ಣಗಿರಲಿ, ಅದು ಶ್ವಾಸಕೋಶದ ಒಳಭಾಗ ತಲುಪುವ ಹೊತ್ತಿಗೆ 37 ಡಿಗ್ರಿ ಸೆಲ್ಸಿಯಸ್‌ಗೆ ಬಂದಿರುತ್ತದೆ. ಅಷ್ಟೇ ಅಲ್ಲ, ಆ ಉಷ್ಣಾಂಶದಲ್ಲಿ ಗಾಳಿ ಎಷ್ಟು ನೀರಾವಿ ಹಿಡಿಯಬಲ್ಲದೋ ಅಷ್ಟನ್ನೂ ತುಂಬಿಕೊಂಡಿರುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ, ಲೀಟರ್ ಗಾಳಿಗೆ 44 ಮಿಲಿಗ್ರಾಂ ನೀರು. ಈ ಕೆಲಸದ ಹೆಚ್ಚಿನ ಪಾಲು ಮೂಗು ಮತ್ತು ಗಂಟಲಿನದು. ಮೂಗಿನೊಳಗೆ ಸುರುಳಿಯಾಗಿ ಮಡಚಿಕೊಂಡ ಮೂಳೆಗಳಿವೆ, ಅವುಗಳ ಮೇಲೆ ರಕ್ತನಾಳಗಳಿಂದ ತುಂಬಿದ ಒದ್ದೆ ಪೊರೆ. ಒಳಹೋಗುವ ಗಾಳಿಗೆ ಶಾಖ, ತೇವ ಎರಡನ್ನೂ ಕೊಟ್ಟು ಆ ಪೊರೆ ತಣ್ಣಗಾಗುತ್ತದೆ. ಉಸಿರು ಬಿಟ್ಟಾಗ ಬೆಚ್ಚನೆ ಗಾಳಿ ಅದೇ ತಣ್ಣನೆ ಪೊರೆಯನ್ನು ಸವರಿಕೊಂಡು ಹೋಗಬೇಕಲ್ಲ, ಆಗ ಒಂದಿಷ್ಟು ತೇವ ಅಲ್ಲೇ ಇಳಿದು ಉಳಿಯುತ್ತದೆ. ಮುಂದಿನ ಉಸಿರಿಗೆ ಅದೇ ಬಂಡವಾಳ.

ಇದರಲ್ಲಿ ನಮ್ಮೆಲ್ಲರ ಗುರು ಒಂಟೆ. ಕ್ನುಟ್ ಶ್ಮಿಟ್-ನೀಲ್ಸನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1981ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಬಾಯಾರಿದ ಒಂಟೆಯ ಮೂಗಿನೊಳಗಿನ ಲೋಳೆ ಒಣಗಿ, ತೇವ ಹೀರುವ ಪದರವಾಗಿಬಿಡುತ್ತದೆ. ರಾತ್ರಿಯ ತಂಪಿನಲ್ಲಿ ಹೊರಹೋಗುವ ಉಸಿರಿನ ನೀರನ್ನು ಅದು ಹಿಡಿದಿಟ್ಟುಕೊಂಡು ಮುಂದಿನ ಉಸಿರಿಗೆ ಕೊಡುತ್ತದೆ. ಕಳಸದ ಉಪ್ಪಿನ ಭರಣಿಯೂ ಮರುಭೂಮಿಯ ಒಂಟೆಯೂ ಒಂದೇ ಪಾಠ ಹೇಳುತ್ತಿವೆ!

ಈಗ ಮೂಗನ್ನು ದಾರಿಯಿಂದ ತೆಗೆದುಬಿಡೋಣ. ತೀವ್ರ ನ್ಯುಮೋನಿಯಾ, ತಲೆಗೆ ಪೆಟ್ಟು, ನಾಗರಹಾವಿನ ಕಡಿತ, ದೊಡ್ಡ ಆಪರೇಷನ್, ಕಾರಣ ಯಾವುದೇ ಇರಲಿ, ರೋಗಿಯನ್ನು ವೆಂಟಿಲೇಟರ್‌ಗೆ ಹಾಕಿದರೆ ಬಾಯಿಯ ಮೂಲಕ ಒಂದು ನಳಿಕೆ ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ಗಾಳಿ ಮೂಗಿನ ಮುಖವನ್ನೇ ನೋಡುವುದಿಲ್ಲ. ಜೊತೆಗೆ ಸಿಲಿಂಡರ್, ಪೈಪ್‌ಲೈನಿನಿಂದ ಬರುವ ಆಮ್ಲಜನಕದಲ್ಲಿ ತೇವ ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೈನಸ್ 183 ಡಿಗ್ರಿಯಲ್ಲಿ ದ್ರವವಾಗುವ ಅನಿಲವನ್ನು ಗಾಳಿಯಿಂದ ಬೇರ್ಪಡಿಸುವಾಗ ನೀರನ್ನು ಮೊದಲೇ ತೆಗೆದುಬಿಟ್ಟಿರುತ್ತಾರೆ, ಇಲ್ಲದಿದ್ದರೆ ಯಂತ್ರದೊಳಗೆ ಮಂಜುಗಡ್ಡೆ ಕಟ್ಟುತ್ತದೆ.

ಈ ಒಣಗಾಳಿ ಗಂಟೆಗಟ್ಟಲೆ, ದಿನಗಟ್ಟಲೆ ಶ್ವಾಸನಾಳದೊಳಗೆ ಬೀಸಿದರೆ ಏನಾಗುತ್ತದೆ? ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಕೆಲಸ ನಿಲ್ಲಿಸುತ್ತವೆ. ಕಫ ಗಟ್ಟಿಯಾಗುತ್ತದೆ, ಅಂಟಾಗುತ್ತದೆ, ಕೊನೆಗೆ ಹಕ್ಕಳೆ ಕಟ್ಟುತ್ತದೆ. ದೊಡ್ಡವರಿಗೆ ಹಾಕುವ ನಳಿಕೆಯ ಒಳವ್ಯಾಸವೇ ಏಳೆಂಟು ಮಿಲಿಮೀಟರ್, ಅಂದರೆ ಒಂದು ಪೆನ್ಸಿಲ್ಲಿನಷ್ಟು. ಅಷ್ಟು ಸಣ್ಣ ದಾರಿ ಹಕ್ಕಳೆಯಿಂದ ಮುಚ್ಚಿಹೋದರೆ ಲಕ್ಷಾಂತರ ರೂಪಾಯಿಯ ವೆಂಟಿಲೇಟರ್ ಪಕ್ಕದಲ್ಲಿದ್ದೂ ಉಸಿರು ಸಿಗುವುದಿಲ್ಲ.

ನಾನು ಮೆಕ್ಯಾನಿಕಲ್ ಓದುತ್ತಿರುವುದರಿಂದ ಲೆಕ್ಕ ಹಾಕದೇ ಇರಲಾರೆ, ಎರಡು ನಿಮಿಷ ಸಹಿಸಿಕೊಳ್ಳಿ. ನಿಮಿಷಕ್ಕೆ 8 ಲೀಟರ್ ಗಾಳಿ ಎಂದುಕೊಂಡರೆ ದಿನಕ್ಕೆ 11,520 ಲೀಟರ್. ಪೂರ್ತಿ ಒಣ ಗಾಳಿಗೆ ದೇಹವೇ ಲೀಟರಿಗೆ 44 ಮಿಲಿಗ್ರಾಂ ನೀರು ಕೊಡಬೇಕೆಂದರೆ ದಿನಕ್ಕೆ 507 ಗ್ರಾಂ, ಅರ್ಧ ಲೀಟರಿಗೂ ಹೆಚ್ಚು. ಅದೂ ಹುಷಾರಿಲ್ಲದ ದೇಹ, ಅದೂ ಬೆರಳುದ್ದದ ಶ್ವಾಸನಾಳದಿಂದ. ಒಂದು ಒಳ್ಳೆಯ ಎಚ್‌ಎಂಇ ಲೀಟರಿಗೆ 30 ಮಿಲಿಗ್ರಾಂ ಮರಳಿಸಿದರೆ ದೇಹ ತುಂಬಬೇಕಾದ ಕೊರತೆ 161 ಗ್ರಾಮಿಗೆ ಇಳಿಯುತ್ತದೆ. ಇದು ಸರಳ ಲೆಕ್ಕ, ಡಾಕ್ಟರರು ನೋಡಿದರೆ ಹತ್ತು ತಿದ್ದುಪಡಿ ಹೇಳಿಯಾರು. ಆದರೂ ಅಂದಾಜು ಸಿಗುತ್ತದೆ.

ಇನ್ನೂ ಸ್ವಾರಸ್ಯ ಇರುವುದು ಶಾಖದ ಲೆಕ್ಕದಲ್ಲಿ. ಒಂದು ಲೀಟರ್ ಗಾಳಿಯನ್ನು 20 ಡಿಗ್ರಿಯಿಂದ 37ಕ್ಕೆ ಏರಿಸಲು ಸುಮಾರು 20 ಜೂಲ್ ಸಾಕು. ಅದೇ ಗಾಳಿಗೆ ಬೇಕಾದ 44 ಮಿಲಿಗ್ರಾಂ ನೀರನ್ನು ಆವಿ ಮಾಡಲು ನೂರು ಜೂಲ್ ಮೀರುತ್ತದೆ. ಅಂದರೆ ಉಸಿರಿನ ಬೆಚ್ಚಗಿನ ಗುಟ್ಟು ಇರುವುದು ಗಾಳಿಯಲ್ಲಲ್ಲ, ನೀರಿನಲ್ಲಿ. ನೀರನ್ನು ಹಿಡಿದಿಟ್ಟರೆ ಶಾಖವನ್ನೂ ಹಿಡಿದಿಟ್ಟಂತೆ. ಡಬ್ಬಿಯೊಳಗೆ ಲೋಹದ ಬಲೆಯ ಬದಲು ಲವಣ ಸವರಿದ ಕಾಗದ ಯಾಕೆ ಬಂತು ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಹೀಟ್ ಟ್ರಾನ್ಸ್‌ಫರ್ ಓದಿದವರಿಗೆ ಇನ್ನೊಂದು ಮಾತು. ಇದು ನಾವು ಪರೀಕ್ಷೆಗೆ ಉರುಹೊಡೆಯುವ ‘ರೀಜನರೇಟರ್’ ಅಲ್ಲದೆ ಬೇರೇನೂ ಅಲ್ಲ. ಒಂದೇ ದಾರಿಯಲ್ಲಿ ಬಿಸಿ ಒಮ್ಮೆ, ತಣ್ಣನೆಯದು ಒಮ್ಮೆ, ನಡುವೆ ಶಾಖ ಜಮಾ ಇಡುವ ಒಂದು ಹುರುಳು. 1816ರಲ್ಲಿ ರಾಬರ್ಟ್ ಸ್ಟರ್ಲಿಂಗ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಪೇಟೆಂಟ್ ಮಾಡಿಸಿದ ಎಂಜಿನ್ನಿನ ಜೀವಾಳವೂ ಇದೇ. ಐದು ಅಂಕದ ಪ್ರಶ್ನೆಯೊಂದು ಮನುಷ್ಯರ ಕೊರಳಲ್ಲಿ ನಿಮಿಷಕ್ಕೆ ಹದಿನೈದು ಸಲ ನಡೆಯುತ್ತಿದೆ ಎಂದು ಗೊತ್ತಾದ ದಿನ ಆ ಪಠ್ಯಪುಸ್ತಕ ಬೇರೆಯೇ ಆಗಿ ಕಂಡಿತು.

ವೈದ್ಯಲೋಕಕ್ಕೆ ಈ ಸಮಸ್ಯೆ ದೊಡ್ಡದಾಗಿ ಎದುರಾದದ್ದು 1952ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಪೋಲಿಯೊ ಪಿಡುಗಿನ ನಂತರ. ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳ ಗಂಟಲಿಗೆ ರಂಧ್ರ ಮಾಡಿ, ನಳಿಕೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರಾಡಿಸುವ ದಾರಿಯನ್ನು ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯ ತೋರಿಸಿದರು. ಅಷ್ಟು ವೆಂಟಿಲೇಟರ್‌ಗಳು ಎಲ್ಲಿಂದ ಬರಬೇಕು? ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ, ಹಗಲೂ ರಾತ್ರಿ, ವಾರಗಟ್ಟಲೆ ಚೀಲ ಒತ್ತಿದರು. ನಮ್ಮ ವಯಸ್ಸಿನವರು! ಮೂಗನ್ನು ಬಿಟ್ಟು ದಿನಗಟ್ಟಲೆ ಉಸಿರಾಡಿಸುವುದು ಹೀಗೆ ರೂಢಿಗೆ ಬಂತು. 1960ರಲ್ಲಿ ಸ್ವೀಡನ್ನಿನ ಟೋರೆಮಾಲ್ಮ್ ಎಂಬ ವೈದ್ಯರು ಗಂಟಲ ರಂಧ್ರದ ರೋಗಿಗಳಿಗಾಗಿ ಶಾಖ ಮತ್ತು ತೇವ ಹಿಡಿದಿಡುವ ಸಾಧನದ ಬಗ್ಗೆ ಬರೆದರು.

ಇನ್ನು ನಮ್ಮ ಗುಡ್ಡಗಾಡಿಗೆ ಬರೋಣ. ಐಸಿಯುನಲ್ಲಿ ಉಸಿರಿಗೆ ತೇವ ಕೊಡಲು ಇನ್ನೊಂದು ದಾರಿಯೂ ಇದೆ. ಬಿಸಿ ತಟ್ಟೆಯ ಮೇಲೆ ನೀರಿನ ಪಾತ್ರೆಯಿಟ್ಟು, ಅದರ ಮೇಲಿಂದ ಗಾಳಿ ಹಾಯಿಸುವ ಹ್ಯೂಮಿಡಿಫೈಯರ್. ಅದು ಎಚ್‌ಎಂಇಗಿಂತ ಹೆಚ್ಚು ತೇವ ಕೊಡುತ್ತದೆ. ಆದರೆ ಅದಕ್ಕೆ ಕರೆಂಟ್ ಬೇಕು, ನೀರು ಬೇಕು, ಮುಖ್ಯವಾಗಿ ಅಲುಗಾಡದ ಜಾಗ ಬೇಕು. ಮೂಡಿಗೆರೆಯಿಂದ ಮಂಗಳೂರಿಗೆ ಹೊರಟ ಆಂಬುಲೆನ್ಸ್ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಇಳಿಯುವಾಗ, ಅಥವಾ ಕಳಸದಿಂದ ಕುದುರೆಮುಖ, ಕಾರ್ಕಳದ ಮೇಲೆ ಮಣಿಪಾಲದ ಕಡೆ ಓಡುವಾಗ, ತುಂಬಿದ ನೀರಿನ ಪಾತ್ರೆಯನ್ನು ರೋಗಿಯ ನಳಿಕೆಗೆ ಜೋಡಿಸಿಕೊಂಡು ಹೋಗಲಾಗುತ್ತದೆಯೇ? 2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿದ್ದು ನಮ್ಮೂರ ಕಡೆಯವರಿಗೆ ಮರೆತಿಲ್ಲ. ಸುತ್ತುದಾರಿ ಹಿಡಿದರೆ ಪ್ರಯಾಣ ಇನ್ನೂ ಉದ್ದ. ಅಂಥ ಹೊತ್ತಿನಲ್ಲಿ ಒಣ ಸಿಲಿಂಡರಿಗೂ ರೋಗಿಗೂ ನಡುವೆ ನಿಲ್ಲುವುದು ಈ ಡಬ್ಬಿ.

ಆದರೆ ಒಂದು ಗೊಂದಲ ಬಿಡಿಸಲೇಬೇಕು. ತೇವ ಹಿಡಿಯುವುದು ಬೇರೆ, ರೋಗಾಣು ಹಿಡಿಯುವುದು ಬೇರೆ. ಬರೀ ಸ್ಪಂಜಿನ ಎಚ್‌ಎಂಇ ವೈರಸ್ ತಡೆಯುತ್ತದೆ ಎಂದು ನಂಬುವಂತಿಲ್ಲ. ಬರೀ ಫಿಲ್ಟರ್ ಸಾಕಷ್ಟು ತೇವ ಹಿಡಿಯುತ್ತದೆ ಎಂದೂ ಅಲ್ಲ. ಎರಡನ್ನೂ ಮಾಡುವುದಕ್ಕೆ ಎಚ್‌ಎಂಇಎಫ್ ಎನ್ನುತ್ತಾರೆ. ಫಿಲ್ಟರ್ ಎಂದ ಕೂಡಲೇ ನಮಗೆ ಸೊಳ್ಳೆಪರದೆಯೋ ಹಿಟ್ಟಿನ ಜರಡಿಯೋ ಕಣ್ಣಮುಂದೆ ಬರುತ್ತದೆ. ಇದು ಹಾಗಲ್ಲ. ದೊಡ್ಡ ಕಣಗಳು ಗಾಳಿಯ ಜೊತೆ ತಿರುವು ತೆಗೆದುಕೊಳ್ಳಲಾಗದೆ ಎಳೆಗಳಿಗೆ ಡಿಕ್ಕಿ ಹೊಡೆಯುತ್ತವೆ. ತೀರಾ ಸಣ್ಣವು ಅತ್ತಿತ್ತ ಅಲೆಯುತ್ತಾ ಹೋಗಿ ಅಂಟಿಕೊಳ್ಳುತ್ತವೆ. ತಪ್ಪಿಸಿಕೊಳ್ಳುವುದರಲ್ಲಿ ನಿಪುಣರು ನಡುವಿನ ಗಾತ್ರದವರು, ಸುಮಾರು 0.3 ಮೈಕ್ರಾನಿನವರು. ಅವರನ್ನು ಹಿಡಿಯಲು ಅನೇಕ ಫಿಲ್ಟರ್‌ಗಳಲ್ಲಿ ಎಳೆಗಳಿಗೆ ವಿದ್ಯುದಾವೇಶ ಕೊಟ್ಟಿರುತ್ತಾರೆ. ಎನ್-95 ಮಾಸ್ಕಿನ ಗುಟ್ಟೂ ಇದೇ.

2020ರಲ್ಲಿ ಬೆಂಗಳೂರಿನ ಬಿಇಎಲ್, ಮೈಸೂರಿನ ಸ್ಕ್ಯಾನ್‌ರೇ ಮತ್ತು ಡಿಆರ್‌ಡಿಒ ಸೇರಿ 30,000 ವೆಂಟಿಲೇಟರ್ ತಯಾರಿಗೆ ಇಳಿದದ್ದು ದೊಡ್ಡ ಸುದ್ದಿಯಾಯಿತು. ಕರ್ನಾಟಕದ ಎಂಜಿನಿಯರುಗಳು ಎದೆಯುಬ್ಬಿಸುವಂಥ ಸಂಗತಿಯೇ. ಆದರೆ ವೆಂಟಿಲೇಟರ್ ಒಮ್ಮೆ ಕೊಂಡರೆ ವರ್ಷಗಟ್ಟಲೆ ಇರುತ್ತದೆ, ಫಿಲ್ಟರ್ ಪ್ರತಿ ರೋಗಿಗೂ ಹೊಸದು ಬೇಕು, ಒಬ್ಬರಿಗೇ ಒಂದೆರಡು ದಿನಕ್ಕೊಮ್ಮೆ ಬದಲಿಸುತ್ತಲೂ ಇರಬೇಕು. ಯಂತ್ರ ದಾನ ಮಾಡಿ ಫೋಟೊ ತೆಗೆಸಿಕೊಂಡವರನ್ನು ನೋಡಿದ್ದೇನೆ. ಫಿಲ್ಟರ್ ಡಬ್ಬಿ ದಾನ ಮಾಡಿ ಫೋಟೊ ತೆಗೆಸಿಕೊಂಡವರನ್ನು ಇನ್ನೂ ನೋಡಿಲ್ಲ.

ಇಷ್ಟೆಲ್ಲ ನಾನು ತಿಳಿದುಕೊಳ್ಳಲು ಕಾರಣ ಕಳಸದ ಕಡೆ ಇರುವ ನಮ್ಮ ದೊಡ್ಡಪ್ಪ. ಮೂರು ಎಕರೆ ಕಾಫಿ, ಒಂದಿಷ್ಟು ಅಡಿಕೆ. ಗಂಟಲ ಕ್ಯಾನ್ಸರ್ ಆಗಿ ಅವರ ಧ್ವನಿಪೆಟ್ಟಿಗೆಯನ್ನು ತೆಗೆದರು. ಹಾಗೆ ತೆಗೆದ ಮೇಲೆ ಶ್ವಾಸನಾಳದ ತುದಿಯನ್ನು ಕೊರಳಿನ ಬುಡದಲ್ಲಿ ಚರ್ಮಕ್ಕೆ ಹೊಲಿದು ಒಂದು ರಂಧ್ರ ಮಾಡುತ್ತಾರೆ. ಅಲ್ಲಿಂದ ಮುಂದೆ ಉಸಿರೆಲ್ಲ ಅದರಿಂದಲೇ. ಐಸಿಯು ರೋಗಿಗೆ ಮೂಗು ತಪ್ಪುವುದು ಕೆಲವು ದಿನ, ಇವರಿಗೆ ಜೀವನಪೂರ್ತಿ.

ಮನೆಯವರೆಲ್ಲ ಕೇಳಿದ್ದು ಊಟ ಮಾಡಬಹುದಾ, ಮಾತು ಬರುತ್ತದಾ ಎಂದು. ಜನವರಿಯ ಕುಯ್ಲಿನ ದೂಳಿನಲ್ಲಿ ಉಸಿರಾಡುವುದು ಹೇಗೆ ಎಂದು ಯಾರಿಗೂ ಕೇಳಲು ಹೊಳೆಯಲಿಲ್ಲ. ಡಿಸ್ಚಾರ್ಜ್ ಪತ್ರದಲ್ಲೂ ಅದರ ಬಗ್ಗೆ ಒಂದು ಸಾಲಿರಲಿಲ್ಲ. ದೊಡ್ಡಮ್ಮ ಹಳೆಯ ಪಂಚೆ ಹರಿದು, ಒದ್ದೆ ಮಾಡಿ, ಕೊರಳಿಗೆ ಕಟ್ಟುತ್ತಿದ್ದರು. ಅದೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ, ತಮಾಷೆಯಲ್ಲ. ಮಳೆಗಾಲದಲ್ಲಿ ಗಾಳಿಯೇ ಒದ್ದೆ ಇರುವುದರಿಂದ ಹೇಗೋ ನಡೆಯಿತು. ಚಳಿ ಬಿದ್ದು, ಗಾಳಿ ಒಣಗಿ, ಕಣದಲ್ಲಿ ಕಾಫಿ ಹರಡಿ, ಮೆಣಸು ಬಿಡಿಸುವ ಕಾಲ ಬಂದಾಗ ರಾತ್ರಿಯಿಡೀ ಕೆಮ್ಮು. ಹಕ್ಕಳೆ ಕಟ್ಟಿದ ಕಫ ತೆಗೆಯುವಾಗ ರಕ್ತದ ಗೆರೆ.

ಮುಂದೆ ಮಾತಿನ ತರಬೇತಿಗೆ ಹೋದಲ್ಲಿ ಥೆರಪಿಸ್ಟ್ ಒಬ್ಬರು ಕೊರಳಿನ ಎಚ್‌ಎಂಇ ತೋರಿಸಿದರು. ದೊಡ್ಡ ಗುಂಡಿಯ ಗಾತ್ರದ ಕ್ಯಾಸೆಟ್, ಒಳಗೆ ಲವಣದ ಸ್ಪಂಜು, ರಂಧ್ರದ ಸುತ್ತ ಅಂಟಿಸುವ ಪಟ್ಟಿಗೆ ಸಿಕ್ಕಿಸುವುದು. ಬೆರಳಿನಿಂದ ಒತ್ತಿ ಮುಚ್ಚಿದರೆ ಉಸಿರು ಒಳಗಿನ ಧ್ವನಿಕವಾಟದ ಕಡೆ ತಿರುಗಿ ಮಾತೂ ಹೊರಡುತ್ತದೆ. “ಎಂತ ಮಾರಾಯ್ತಿ, ಇದಕ್ಕೂ ಫಿಲ್ಟರ್ ಅಂತಾರಾ? ಡಿಕಾಕ್ಷನ್ ಇಳಿಯೋದು ಎಲ್ಲಿಂದ?” ಎಂದು ಗೊಗ್ಗರು ದನಿಯಲ್ಲಿ ಕೇಳಿದ್ದು ನನಗೆ ಅವರು ಆಪರೇಷನ್ ಆದ ಮೇಲೆ ಮಾಡಿದ ಮೊದಲ ತಮಾಷೆ. ಕೆಲವು ವಾರಗಳಲ್ಲಿ ರಾತ್ರಿಯ ಕೆಮ್ಮು ಇಳಿಯಿತು.

ತೊಡಕಿರುವುದು ಖರ್ಚಿನಲ್ಲಿ. ಕ್ಯಾಸೆಟ್ ದಿನಕ್ಕೊಂದು ಬೇಕು. ತಿಂಗಳಿಗೆ ಮೂವತ್ತು, ವರ್ಷಕ್ಕೆ 365. ಅದೂ ಆಮದಿನ ಮಾಲು, ನಮ್ಮೂರ ಮೆಡಿಕಲ್ ಶಾಪಿನಲ್ಲಿ ಹೆಸರೂ ಗೊತ್ತಿಲ್ಲ. ದೊಡ್ಡಮ್ಮ ಒಮ್ಮೆ ಬಳಸಿದ್ದನ್ನು ಸೋಪು ಹಾಕಿ ತೊಳೆದು ಬಿಸಿಲಿಗೆ ಇಟ್ಟಿದ್ದರು. ನೋಡಲು ಹೊಸದರಂತೆಯೇ ಇತ್ತು. ಆದರೆ ತೊಳೆದ ನೀರಿನ ಜೊತೆ ಲವಣ ಹೊರಟುಹೋಗಿರುತ್ತದೆ, ಉಳಿಯುವುದು ಬರೀ ಸ್ಪಂಜು. ಉಪ್ಪಿನ ಭರಣಿಯ ಉದಾಹರಣೆ ಕೊಟ್ಟು ಹೇಳಿದಾಗ ಅವರಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಈಗ ಕುಯ್ಲು, ಕಣ, ಪ್ರಯಾಣದ ದಿನಗಳಿಗೆ ಕ್ಯಾಸೆಟ್, ಮಳೆ ಹಿಡಿದ ದಿನಗಳಲ್ಲಿ ಮನೆಯೊಳಗೆ ಬಟ್ಟೆ ಎಂದು ಮಾಡಿಕೊಂಡಿದ್ದಾರೆ. ವೈದ್ಯಕೀಯವಾಗಿ ಇದು ಸರಿಯಾದ ಏರ್ಪಾಡಲ್ಲ. ಮೂರು ಎಕರೆಯ ಏರ್ಪಾಡು.

ಕೃತಕ ಮೂಗು ಕೊಡಲಾಗದ್ದೂ ಇದೆ. ಗಾಳಿ ಮೂಗಿನಲ್ಲಿ ಹಾಯದೆ ವಾಸನೆ ತಿಳಿಯುವುದಿಲ್ಲ. ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗಿ ಊರೆಲ್ಲ ಕಾಫಿ ಹೂವಿನ ಘಮ ತುಂಬಿದಾಗ ದೊಡ್ಡಪ್ಪ ಹೂ ನೋಡುತ್ತಾರೆ, ಅಷ್ಟೇ. ಬಾಯಿ ಮುಚ್ಚಿಕೊಂಡು ಆಕಳಿಸುವ ಹಾಗೆ ದವಡೆ ಇಳಿಸಿ ಮೂಗಿನೊಳಕ್ಕೆ ಸ್ವಲ್ಪ ಗಾಳಿ ಎಳೆಯುವ ಒಂದು ಅಭ್ಯಾಸವಿದೆ. ಅವರು ಅದನ್ನು ಕಲಿಯುತ್ತಿದ್ದಾರೆ. ಇನ್ನು ಮಳೆ. ಕೊರಳಿನ ರಂಧ್ರಕ್ಕೆ ನೀರು ಹೋದರೆ ನೇರ ಶ್ವಾಸಕೋಶಕ್ಕೆ, ಎಚ್‌ಎಂಇ ಏನೂ ನೀರು ತಡೆಯುವ ಮುಚ್ಚಳವಲ್ಲ. ಹಳ್ಳ ದಾಟುವುದು, ತಲೆಗೆ ನೀರು ಹೊಯ್ದುಕೊಳ್ಳುವುದು, ಎಲ್ಲಕ್ಕೂ ಲೆಕ್ಕಾಚಾರ ಬೇಕು.

ಓದುಗರು ಇದೊಂದನ್ನು ದಯವಿಟ್ಟು ನೆನಪಿಡಿ: ಧ್ವನಿಪೆಟ್ಟಿಗೆ ಪೂರ್ತಿ ತೆಗೆಸಿಕೊಂಡವರು ಎಲ್ಲಾದರೂ ಕುಸಿದು ಬಿದ್ದರೆ ಬಾಯಿಗೆ ಬಾಯಿಟ್ಟು ಊದಿ ಪ್ರಯೋಜನವಿಲ್ಲ, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಇಟ್ಟರೂ ಅಷ್ಟೇ. ಆಕ್ಸಿಜನ್ ಕೊಡಬೇಕಾದದ್ದು ಕೊರಳಿನ ರಂಧ್ರಕ್ಕೆ. ಅಲ್ಲಿ ಕಟ್ಟಿದ ಬಟ್ಟೆಯನ್ನೋ ಕಫ ತುಂಬಿದ ಕ್ಯಾಸೆಟ್ಟನ್ನೋ ಮೊದಲು ತೆಗೆಯಬೇಕು. ಆಂಬುಲೆನ್ಸ್ ಬಂದಾಗ ಪಕ್ಕದಲ್ಲಿದ್ದವರು ಇದನ್ನು ಕೂಗಿ ಹೇಳಿದರೂ ಸಾಕು.

ಬೆಲೆ ಇಳಿಸುವುದು ಸಾಧ್ಯವೇ ಇಲ್ಲ ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. ಬೆಂಗಳೂರಿನ ಎಚ್‌ಸಿಜಿ ಆಸ್ಪತ್ರೆಯ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ಅವರು ಎಂಜಿನಿಯರ್ ಗೆಳೆಯ ಶಶಾಂಕ್ ಮಹೇಶ್ ಜೊತೆ ಸೇರಿ ‘ಓಂ’ ಎಂಬ ಧ್ವನಿಕವಾಟ ರೂಪಿಸಿದರು. ಆಮದಾಗುತ್ತಿದ್ದ ಕವಾಟಕ್ಕೆ ಸಾವಿರಾರು ರೂಪಾಯಿ ತೆರಬೇಕಿದ್ದಾಗ ಇವರು ಸುಮಾರು 50 ರೂಪಾಯಿಗೆ ಮಾಡಿ ತೋರಿಸಿದರು. ಒಬ್ಬ ಡಾಕ್ಟರ್, ಒಬ್ಬ ಎಂಜಿನಿಯರ್, ಬೇಕಿದ್ದದ್ದು ಆ ಜೋಡಿ. ಧ್ವನಿ ಮರಳಿತೆಂದರೆ ಅದು ಸುದ್ದಿ. ಕೆಮ್ಮು ನಿಂತಿತೆಂದರೆ ಯಾರು ಬರೆಯುತ್ತಾರೆ? ಅದಕ್ಕೇ ದಿನಬಳಕೆಯ ಕ್ಯಾಸೆಟ್ಟಿನ ಕಡೆ ಗಮನ ಕಡಿಮೆ ಎಂಬುದು ನನ್ನ ಅನಿಸಿಕೆ.

ಸಾಫ್ಟ್‌ವೇರ್ ಕೆಲಸದ ಬಾಗಿಲಲ್ಲಿ ಸಾಲು ನಿಂತಿರುವ ನಮ್ಮ ಬ್ಯಾಚಿನವರಿಗೆ ಇದೂ ಒಂದು ಬಾಗಿಲು. ಎಚ್‌ಎಂಇ ಪರೀಕ್ಷಿಸುವ ವಿಧಾನಕ್ಕೆ ಐಎಸ್‌ಒ 9360 ಎಂಬ ಮಾನದಂಡವಿದೆ. ಮೊದಲ ಭಾಗ 2000ನೇ ಇಸವಿಯದು, ಗಂಟಲ ರಂಧ್ರದ ರೋಗಿಗಳಿಗಾಗಿ ಎರಡನೆಯ ಭಾಗ 2001ರದು. ಅದರ ತಿರುಳು ಸರಳ: ಉಸಿರಾಡುವ ಒಂದು ಕೃತಕ ಶ್ವಾಸಕೋಶ ಮಾಡಿ, ಬೆಚ್ಚನೆ ನೀರು ತುಂಬಿ, ಎಚ್‌ಎಂಇ ಸಿಕ್ಕಿಸಿ, ನಿಗದಿತ ಹೊತ್ತಿನಲ್ಲಿ ಎಷ್ಟು ತೂಕ ಕಳೆದುಕೊಂಡಿತು ಎಂದು ತೂಗುವುದು. ಕಳೆದುಕೊಂಡ ತೂಕವೇ ಕಳೆದುಕೊಂಡ ನೀರು. ಕಾಫಿ ಒಣಗಿತೇ ಎಂದು ತೂಗಿ ನೋಡುವ ನಮ್ಮವರಿಗೆ ಇದೇನು ಹೊಸ ವಿದ್ಯೆಯಲ್ಲ.

ನಾವು ಮೂವರು ಸೇರಿ ಮುಂದಿನ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಎತ್ತಿಕೊಂಡಿದ್ದೇವೆ. ತಯಾರಿಸಿ ಕೊರಳಿಗೆ ಹಾಕುವುದಕ್ಕಲ್ಲ, ಅದಕ್ಕೆ 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಪರವಾನಗಿ ಬೇಕು, ಬೇಕಾದದ್ದೇ ಸರಿ. ಯಾವ ಕಾಗದ, ಎಷ್ಟು ಲವಣ, ಎಷ್ಟು ಹೊತ್ತು ಎಂದು ಅಳೆಯುವ ಒಂದು ಅಗ್ಗದ ಪರೀಕ್ಷಾ ಸಾಧನ ಮಾಡುವುದಷ್ಟೇ ಗುರಿ. ಕಾಫಿ ಸಿಪ್ಪೆಯ ಹಾಳೆ ಬಳಸಿದರೆ ಹೇಗೆ ಎಂದು ನಾನು ಕೇಳಿದ್ದಕ್ಕೆ ನಮ್ಮ ಗೈಡ್, “ಉಸಿರಿನ ದಾರಿಯಲ್ಲಿ ಬೂಷ್ಟು ಬೆಳೆಸ್ತೀಯಾ?” ಎಂದು ಒಂದೇ ಮಾತಿಗೆ ಮುಗಿಸಿದರು. ಅಕ್ವೇರಿಯಂ ಹೀಟರ್, ಹಳೆಯ ಆಂಬು ಬ್ಯಾಗ್, ಅದನ್ನು ಒತ್ತಲು ಒಂದು ವೈಪರ್ ಮೋಟಾರ್, ಅಕ್ಕಸಾಲಿಗರು ಬಳಸುವಂಥ ತಕ್ಕಡಿ, ಇಷ್ಟು ಸೇರಿಸಿದ್ದೇವೆ. ಸದ್ಯದ ತಲೆನೋವು ಸೋರಿಕೆ. ಕೀಲುಗಳಲ್ಲಿ ಎಲ್ಲೋ ಗಾಳಿ ತಪ್ಪಿಸಿಕೊಳ್ಳುತ್ತಿದೆ. ತಕ್ಕಡಿ ತೋರಿಸುವ ಇಳಿಕೆಯಲ್ಲಿ ಕಾಗದ ಬಿಟ್ಟದ್ದೆಷ್ಟು, ಕೀಲು ಬಿಟ್ಟದ್ದೆಷ್ಟು ಎಂದು ಬೇರ್ಪಡಿಸುವ ತನಕ ಮುಂದಿನ ಹೆಜ್ಜೆ ಇಡುವಂತಿಲ್ಲ.